ಚಟ ಬಾಯಿಯದು, ಸಂಕಟ ನನ್ನದು

ನ್ಯೂಜೆರ್ಸಿಯ ಹ್ಯಾಮಂಟನ್, ಬ್ಲೂಬೆರಿ ಸೀಮೆ. ಹೂ ಬಿಡುವ ಕಾಲಕ್ಕೆ ತೋಟಗಳಿಗೆ ಜೇನುಪೆಟ್ಟಿಗೆಗಳು ಬಾಡಿಗೆಗೆ ಬರುತ್ತವೆ. ಅಂಥದೊಂದು ಪೆಟ್ಟಿಗೆಯ ಕೆಲಸಗಾರ ಹುಳದ ನಡುಗರುಳು ಬಿಡುವು ಮಾಡಿಕೊಂಡು ಮಾತಿಗೆ ಸಿಕ್ಕಿತು.

ಜೇನು ಇರುವುದು ನಿಮ್ಮಲ್ಲೇ ತಾನೆ?

ಅಲ್ಲ ಸ್ವಾಮಿ. ಮಕರಂದ ತುಂಬುವುದು ನನ್ನ ಮುಂದಿರುವ ಜೇನುಚೀಲದಲ್ಲಿ. ಅದು ಗೂಡಿನ ಆಸ್ತಿ. ನಡುವೆ ಒಂದು ಕವಾಟ ಕಾವಲಿದೆ. ಹುಳದ ಹೊಟ್ಟೆಪಾಡಿಗೆ ಬೇಕಾದ ಮಕರಂದ, ಪರಾಗವನ್ನಷ್ಟೇ ನನ್ನ ಕಡೆ ಬಿಡುತ್ತದೆ. ಅರಗಿಸುವ ಚಾಕರಿ ನನ್ನದು.

ಕೀಟನಾಶಕದಿಂದ ಹುಳ ದಾರಿ ತಪ್ಪುತ್ತದೆ ಎಂದು ಕೇಳಿದ್ದೇವೆ. ನಿಮಗೇನು ತೊಂದರೆ?

ನೋಡಿದಿರಾ, ಎಲ್ಲಿ ಹೋದರೂ ಮಿದುಳಿನ ಸುದ್ದಿಯೇ! ನಿಯೊನಿಕೋಟಿನಾಯ್ಡ್ ಎಂಬ ಕೀಟನಾಶಕಗಳ ಗುಂಪು ನರಗಳಿಗೇ ಗುರಿಯಿಟ್ಟದ್ದು, ಒಪ್ಪಿದೆ. ಆದರೆ ನುಂಗಿದ್ದು ನನ್ನನ್ನು ಹಾಯದೆ ಹೋಗುವುದೆಲ್ಲಿಗೆ? ನನ್ನ ಹಿಂದೆ ಮುಂದೆ ಇರುವ ಕರುಳಿಗೆ ಗಟ್ಟಿ ಒಳಹೊದಿಕೆಯಿದೆ. ನನ್ನ ಪಾಲಿಗೆ ಬಂದದ್ದು ಸೋಸುಬಟ್ಟೆಯಂಥ ಪೊರೆ. ಅದೇ ಗುಂಪಿನ ಥಯಾಮೆಥಾಕ್ಸಾಮ್, ಇಮಿಡಾಕ್ಲೋಪ್ರಿಡ್ ತಿನ್ನಿಸಿದ ಹುಳಗಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಆಹಾರ ಹೀರುವ ಜೀವಕೋಶಗಳ ಅಂಚಿನ ಎಳೆಗಳು ಉದುರಿದ್ದವು. ಒಳಗೆಲ್ಲ ಗುಳ್ಳೆ. ಕೋಶಕೇಂದ್ರ ಮುದುಡಿಕೊಂಡಿತ್ತು. ಸತ್ತ ಕೋಶಗಳ ಜಾಗ ತುಂಬಲೆಂದು ತಳದಲ್ಲಿ ಮರಿಕೋಶಗಳ ಗುಂಪುಗಳನ್ನು ಸಾಕಿಕೊಂಡಿದ್ದೇನೆ, ನಿಜ. ದಿನಾ ಸಾವೇ ಆದರೆ ಅವಾದರೂ ಎಷ್ಟೆಂದು ಹೆಣಗಿಯಾವು?

ರುಚಿ ಕೆಟ್ಟದ್ದನ್ನು ಉಗುಳಬಾರದೆ?

ಆ ಬಾಯಿಗೆ ರುಚಿ ಗೊತ್ತಾದರೆ ತಾನೆ! 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಹುಳಗಳು ಬರೀ ಸಕ್ಕರೆ ನೀರಿಗಿಂತ ಇಮಿಡಾಕ್ಲೋಪ್ರಿಡ್ ಬೆರೆಸಿದ್ದನ್ನೇ ಹೆಚ್ಚು ಕುಡಿದವು. ಚಟ ಬಾಯಿಯದು, ಸಂಕಟ ನನ್ನದು. ನಿಮ್ಮ ಮದುವೆಮನೆಗಳಲ್ಲೂ ಹೀಗೇ ಅಂತೆ.

ಸರ್ಕಾರ ಸುಮ್ಮನೆ ಕೂತಿಲ್ಲವಲ್ಲ?

ಕೂತಿಲ್ಲ. 1974ರಲ್ಲಿ ನ್ಯೂಜೆರ್ಸಿ ನಮ್ಮನ್ನು ರಾಜ್ಯದ ಕೀಟ ಎಂದು ಸಾರಿತು. ಬಿರುದಿನಿಂದ ಹೊಟ್ಟೆ ತುಂಬಲಿಲ್ಲ, ಇರಲಿ. 2022ರಲ್ಲಿ ಗವರ್ನರ್ ಫಿಲ್ ಮರ್ಫಿ ಕಾನೂನಿಗೆ ಸಹಿ ಹಾಕಿದರು. ಮನೆಯಂಗಳದ ಹುಲ್ಲು, ಹೂಗಿಡಗಳಿಗೆ ನಿಯೊನಿಕೋಟಿನಾಯ್ಡ್ ಹೊಡೆಯಲು ಕಡಿವಾಣ ಬಿತ್ತು. ಬೇಸಾಯಕ್ಕೆ ಮಾತ್ರ ವಿನಾಯಿತಿ. ನಮ್ಮನ್ನು ಬಾಡಿಗೆಗೆ ಕರೆತರುವುದು ಎಲ್ಲಿಗೆ, ಅಂಗಳಕ್ಕೋ?

ಹಡ್ಸನ್ ಹೊಳೆಯಾಚೆ ಹೇಗೆ?

ನ್ಯೂಯಾರ್ಕಿನವರು ಹೊಲಕ್ಕೂ ಕೈಹಾಕಿದರು, ಮೆಚ್ಚಬೇಕು. ಮೆಕ್ಕೆಜೋಳ, ಸೋಯಾ, ಗೋಧಿ ಬಿತ್ತನೆಬೀಜಕ್ಕೆ ಈ ಔಷಧಿಯನ್ನು ಲೇಪಿಸಬಾರದೆಂಬ ಕಾನೂನಿಗೆ ಗವರ್ನರ್ ಕ್ಯಾಥಿ ಹೋಕುಲ್ 2023ರ ಡಿಸೆಂಬರಿನಲ್ಲಿ ಸಹಿ ಮಾಡಿದರು. ಜಾರಿಗೆ ಬರುವುದು 2029ಕ್ಕೆ.

ಇನ್ನೇನು, ಬಂದೇಬಿಡುತ್ತದಲ್ಲ?

ಬೇಸಿಗೆಯ ಕೆಲಸಗಾರ ಹುಳದ ಆಯುಸ್ಸು ಹೆಚ್ಚುಕಡಿಮೆ ಆರು ವಾರ. ಮಕ್ಕಳನ್ನು ಹೆರುವ ಕೆಲಸವೂ ನಮ್ಮದಲ್ಲ, ರಾಣಿಯದು. ಇಲ್ಲದಿದ್ದರೆ "ಕಾನೂನು ಬರುತ್ತೆ ಕಣಮ್ಮ, ಅಲ್ಲಿವರೆಗೆ ಉಪವಾಸ ಇರು" ಎಂದು ಮಗಳಿಗಾದರೂ ಹೇಳಿ ಹೋಗುತ್ತಿದ್ದೆ.