ಮೋಲ್ಡ್ ಹಾಕುವ ಮೇಸ್ತ್ರಿಗಳಿಗೆ ಒಂದು ಬಹಿರಂಗ ಪತ್ರ



ಮಿಕ್ಸರ್ ಶುರುವಾಗುವ ಮುಂಚೆ ಒಂದು ಗಳಿಗೆ ಬಾಲ್ಕನಿಯ ಹತ್ತಿರ ನಿಂತು ಕಂಬಿ ನೋಡಿ. ನಿಮ್ಮ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ಭಯವೆಲ್ಲ ಕಾಂಕ್ರೀಟ್ ಸುರಿಯುವ ಹೊತ್ತಿನ ತುಳಿದಾಟದ್ದು.

ಕೋಣೆಯ ಸ್ಲ್ಯಾಬ್ ಸುತ್ತಲೂ ಬೀಮ್ ಮೇಲೆ ಕೂತಿರುತ್ತದೆ. ನಡುವೆ ಜಗ್ಗಿದಾಗ ಎಳೆತ ಬೀಳುವುದು ಅಡಿಭಾಗಕ್ಕೆ, ಹಾಗಾಗಿ ಮೇನ್ ಕಂಬಿ ಅಲ್ಲಿ ಕೆಳಗಿರುತ್ತದೆ. ಹೊರಗೆ ಚಾಚಿದ ಬಾಲ್ಕನಿಯಲ್ಲಿ ಇದು ತಲೆಕೆಳಗು. ತುದಿ ಜಗ್ಗಿದರೆ ಬೀಮ್ ಪಕ್ಕದಲ್ಲಿ ಮೇಲ್ಮೈ ಬಿರಿಯುತ್ತದೆ. ಬಿರಿಯದಂತೆ ಹಿಡಿಯಬೇಕಾದ ಕಂಬಿ ಅಲ್ಲೇ, ಮೇಲೆಯೇ ಇರಬೇಕು.

ಐದಿಂಚಿನ, ಅಂದರೆ 125 ಮಿ.ಮೀ. ಸ್ಲ್ಯಾಬ್ ತೆಗೆದುಕೊಳ್ಳಿ. ಮೇಲೆ 20 ಮಿ.ಮೀ. ಕವರ್ ಬಿಟ್ಟು 10 ಮಿ.ಮೀ. ಕಂಬಿ ಇಟ್ಟರೆ ಅದರ ನಡು ಅಡಿಯಿಂದ 100 ಮಿ.ಮೀ. ಎತ್ತರದಲ್ಲಿರುತ್ತದೆ. ಬಾಣಲಿ ಹೊತ್ತವರು ತುಳಿದು ಅದು 30 ಮಿ.ಮೀ. ಕುಸಿದರೆ ಬಾಲ್ಕನಿಯ ಬಲದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಹೋಯಿತು. ಪೂರ್ತಿ ಅಡಿಗೆ ಇಳಿದರೆ ಆ ಕಂಬಿ ಇದ್ದೂ ಇಲ್ಲದಂತೆ. ಎಷ್ಟು ಟನ್ ಕಬ್ಬಿಣ ತಂದಿದ್ದೀರಿ ಎಂಬುದು ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ, ಪ್ಲಾಸ್ಟರ್ ಆದ ಮೇಲೆ ಯಾರ ಕಣ್ಣಿಗೂ ಬೀಳುವುದೂ ಇಲ್ಲ. ಭಾರದ ಲೆಕ್ಕಕ್ಕಿರುವ ಭಾರತೀಯ ಮಾನದಂಡ ಐಎಸ್ 875 ಮನೆಯ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹಿಡಿದರೆ, ಬಾಲ್ಕನಿಗೆ 300 ಹಿಡಿಯುತ್ತದೆ. ಮೆರವಣಿಗೆ ಬಂದಾಗ ಮನೆಮಂದಿಯೆಲ್ಲ ಒಟ್ಟಿಗೆ ನಿಲ್ಲುವುದು ಅಲ್ಲೇ ತಾನೆ.

ಆದ್ದರಿಂದ ಕಂಬಿಯ ಕೆಳಗೆ ಕಬ್ಬಿಣದ ಚೇರ್ ಕೊಡಿ, ಒತ್ತೊತ್ತಾಗಿ ಕೊಡಿ. ಜಲ್ಲಿ ಚೂರು ಸಾಲದು, ವೈಬ್ರೇಟರ್ ತಾಗಿದರೆ ಜಾರುತ್ತದೆ. ಓಡಾಡಲು ಹಲಗೆ ಹಾಸಿ. ಕಾಂಕ್ರೀಟ್ ಮುಗಿಯುವ ತನಕ ಬಾರ್ ಬೆಂಡರ್ ಒಬ್ಬರು ಅಲ್ಲೇ ಇದ್ದು, ಕುಸಿದ ಕಂಬಿಯನ್ನು ಎತ್ತಿ ಕಟ್ಟಲಿ. ಕಂಬಿ ಬೀಮ್ ದಾಟಿ ಕೋಣೆಯ ಸ್ಲ್ಯಾಬಿನೊಳಗೂ ಮೇಲ್ಭಾಗದಲ್ಲೇ ಹೋಗಬೇಕು. ಚಾಚಿದ್ದರ ಒಂದೂವರೆ ಪಟ್ಟು ಒಳಗೆ ಬಿಡುವುದು ಒಳ್ಳೆಯ ರೂಢಿ. ಮಳೆನೀರು ಒಳಬಾರದೆಂದು ಬಾಲ್ಕನಿಯನ್ನು ಎರಡಿಂಚು ತಗ್ಗಿಸುವ ಕಡೆ ಇನ್ನೂ ಎಚ್ಚರ ಬೇಕು. ನೇರವಾಗಿ ತಳ್ಳಿದ ಕಂಬಿ ಅಲ್ಲಿ ಕೋಣೆಯ ಸ್ಲ್ಯಾಬಿನ ಕೆಳ ಅರ್ಧಕ್ಕೆ ಸೇರಿಬಿಡುತ್ತದೆ. ಅಂಥಲ್ಲಿ ಎಂಜಿನಿಯರ್ ಬರೆದುಕೊಟ್ಟ ವಿವರ ಕೈಗೆ ಬರದೆ ಕೆಲಸ ಶುರು ಮಾಡಬೇಡಿ. ಸೆಂಟ್ರಿಂಗ್ ಬಿಚ್ಚುವಾಗ ಹೊರತುದಿಯ ಆಸರೆ ಮೊದಲು, ಬೀಮ್ ಪಕ್ಕದ್ದು ಕೊನೆಗೆ.

ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟುವುದು ಅನ್ಯಾಯ. ಚೇರ್‌ಗೆ, ಹಲಗೆಗೆ, ಬೆಂಡರ್‌ನ ಆ ದಿನದ ಕೂಲಿಗೆ ಚೌಕಾಸಿ ಮಾಡುವ ಮಾಲೀಕರೂ, ಕಂಬಿ ನೋಡಲು ಬಾರದೆ ಫೋನಿನಲ್ಲೇ ಒಪ್ಪಿಗೆ ಕೊಡುವ ಎಂಜಿನಿಯರ್‌ಗಳೂ ಇದರಲ್ಲಿ ಪಾಲುದಾರರು. ಎಂಜಿನಿಯರ್ ಬಂದು ಟೇಪ್ ಹಿಡಿದು ಅಳೆಯುವವರೆಗೆ ಮಿಕ್ಸರ್ ನಿಲ್ಲಿಸಿ. ಅಷ್ಟು ಹಟ ಹಿಡಿಯುವ ಹಕ್ಕು ನಿಮಗಿದೆ, ದಯವಿಟ್ಟು ಬಳಸಿ.