ಎಕ್ಸ್‌ರೇ ಪಾಸಾಗುವ ಕೆಲಸ

ನಮ್ಮ ಕಾಟಿಪಳ್ಳದಲ್ಲಿ ಸೆಕೆಗಾಲದ ಸೆಕೆಗಿಂತ ಹೆಚ್ಚು ಬೆವರಿಳಿಸುವುದು ಎಸ್ಸೆಸ್ಸೆಲ್ಸಿ ಫಲಿತಾಂಶ. ಮಾರ್ಕು ಕಡಿಮೆ ಬಂದವರ ಮನೆಗೆ ಹೋಗಿ ಸಮಾಧಾನ ಹೇಳುವುದು ವಾಡಿಕೆ. ಈ ಸಲ ಜನ ಡಿಸ್ಟಿಂಕ್ಷನ್ ಬಂದವನ ಮನೆಗೇ ಸಮಾಧಾನಕ್ಕೆ ಹೋಗುತ್ತಿದ್ದಾರೆ. ಬೇಲಿಯಾಚೆಯ ಪೊರ್ಬುಗಳ ಮೊಮ್ಮಗ, ಪಿಯುಸಿ ಸೈನ್ಸ್ ಬೇಡ, ಮಂಗಳೂರು ಕದ್ರಿಯ ಸರ್ಕಾರಿ ಐಟಿಐ ಸೇರಿ ವೆಲ್ಡಿಂಗ್ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾನೆ.

"ನೀವೇ ಹೇಳಿ ಮಾಸ್ಟ್ರೆ, ಇವನಿಗೆ ಎಂತ ಆಗಿದೆ?" ಎಂದರು ಪೊರ್ಬುಗಳು.

ತಮಾಷೆಯೆಂದರೆ ಪೊರ್ಬುಗಳೂ ವೆಲ್ಡರೇ. ಗಲ್ಫಿನಲ್ಲಿ ಪೈಪು ಬೆಸೆದು ಇಲ್ಲಿ ತಾರಸಿ ಮನೆ ಎಬ್ಬಿಸಿದವರು.

"ನೀವು ಮಾಡಿದ್ದೇ ಅಲ್ವಾ ಪೊರ್ಬುಗಳೇ?"

"ಅದಕ್ಕೇ ಬೇಡ ಹೇಳುವುದು. ರಾತ್ರಿ ಕಣ್ಣಿಗೆ ಹೊಯಿಗೆ ಬಿದ್ದ ಹಾಗೆ ಉರಿ. ಬೇಸಿಗೆಯಲ್ಲಿ ಟ್ಯಾಂಕಿನ ಒಳಗೆ ಕೂತು ನೋಡಿ, ಗೊತ್ತಾಗ್ತದೆ."

ಅವರ ಮಾತು ಸುಳ್ಳಲ್ಲ. ಆದರೆ ನಮ್ಮ ಊರೇ ಕಾರ್ಖಾನೆಗಳ ನಡುವೆ ಬೆಳೆದದ್ದು. ನವಮಂಗಳೂರು ಬಂದರಿಗಾಗಿ ಪಣಂಬೂರು ಕಡೆಯಿಂದ ಎದ್ದು ಬಂದವರಿಗೆ ಸರ್ಕಾರ ಕೊಟ್ಟ ಜಾಗ ಇದು. 1976ರಲ್ಲಿ ಗೊಬ್ಬರದ ಕಾರ್ಖಾನೆ ಶುರುವಾಯಿತು, 1996ರಲ್ಲಿ ಎಂಆರ್‌ಪಿಎಲ್ ರಿಫೈನರಿ. ಪಕ್ಕದ ಬೈಕಂಪಾಡಿಯಲ್ಲಿ ಸಾಲು ಸಾಲು ಶೆಡ್ಡು. ಇತ್ತ ಸುರತ್ಕಲ್ಲಿನಲ್ಲಿ 1960ರಿಂದ ಕೆಆರ್‌ಇಸಿ ಇಂಜಿನಿಯರುಗಳನ್ನು ತಯಾರಿಸುತ್ತಾ ಬಂತು. ಈಗ ಅದು ಎನ್‌ಐಟಿಕೆ. ನಮಗೆ ಕಂಡದ್ದು ಆ ಕಾಲೇಜಿನ ಗೇಟು ಮಾತ್ರ. ಇಷ್ಟೆಲ್ಲ ಇದ್ದರೂ ರಿಪೇರಿಗೆಂದು ರಿಫೈನರಿಯ ಶಟ್‌ಡೌನ್ ಬಂದಾಗ ವೆಲ್ಡರು, ಫಿಟ್ಟರುಗಳನ್ನು ಹುಡುಕಿ ಪರರಾಜ್ಯದಿಂದ ಕರೆಸುತ್ತಾರೆ.

"ಒಳ್ಳೆಯ ವೆಲ್ಡರ್ ಸಿಗುವುದು ಕಷ್ಟವೇ," ಪೊರ್ಬುಗಳ ದನಿ ಬದಲಾಯಿತು. "ಸಿಕ್ಸ್ ಜಿ ಟೆಸ್ಟ್ ಅಂತ ಉಂಟು. ಪೈಪನ್ನು 45 ಡಿಗ್ರಿ ವಾಲಿಸಿ ಬಿಗಿದು ಇಡ್ತಾರೆ. ಅದು ತಿರುಗುವುದಿಲ್ಲ, ನಾವೇ ಸುತ್ತು ಬರಬೇಕು. ಮೇಲಿಂದಲೂ ಆಗಬೇಕು, ಅಡಿಯಿಂದಲೂ ಆಗಬೇಕು. ಮತ್ತೆ ಎಕ್ಸ್‌ರೇ. ಒಳಗೆ ಗಾಳಿಗುಳ್ಳೆ ಕಂಡರೆ ಫೇಲು!"

"ನಾನು ಇಷ್ಟು ವರ್ಷ ಪಾಠ ಮಾಡಿದ್ದನ್ನು ಯಾರೂ ಎಕ್ಸ್‌ರೇ ತೆಗೆಯಲಿಲ್ಲ. ನನ್ನ ಪುಣ್ಯ."

ಒಳಗಿಂದ ಪೊರ್ಬುಗಳ ಹೆಂಡತಿ ಬಾಯಮ್ಮ ಕೇಳಿದರು: "ನಿಮ್ಮ ಮಗ ಎಂತ ಕಲಿತದ್ದು ಮಾಸ್ಟ್ರೆ?"

"ಮೆಕ್ಯಾನಿಕಲ್ ಇಂಜಿನಿಯರಿಂಗ್. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ರಜೆಗೆ ಬಂದಾಗ ನಳ್ಳಿ ಸೋರಿದರೆ ಪ್ಲಂಬರಿಗೆ ಫೋನು ಮಾಡುತ್ತಾನೆ."

"ಪ್ಲಂಬರ್ ಬರ್ತಾನಾ?"

"ನಾಳೆ ಬರ್ತೇನೆ ಅಂತಾನೆ."

ಕೆಲಸದವರು ಸಿಗುವುದಿಲ್ಲ ಎಂದು ಊರಿಡೀ ದೂರು. ಆ ಕೆಲಸದವರು ಬೇರೆಯವರ ಮನೆಯಲ್ಲೇ ಹುಟ್ಟಿ ಬರಲಿ ಎಂಬುದು ಊರಿಡೀ ಹರಕೆ. ಹಾಗೆ ನೋಡಿದರೆ ನಮಗೆ ಹೆಸರು ತಂದದ್ದೇ ಕೈಕೆಲಸ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯಿಂದ ಊರೂರಿಗೆ ಮಂಗಳೂರಿನ ಹೆಸರು ಹೋಯಿತು. ಆ ಹೆಂಚನ್ನು ಮಣ್ಣು ಮೆತ್ತಿದ ಕೈಗಳೇ ಮಾಡಿದ್ದವು.

ಹುಡುಗನಿಗೆ ನಾನು ಹೇಳಿದ್ದು ಇಷ್ಟೆ. ವೆಲ್ಡರ್ ಟ್ರೇಡು ಒಂದು ವರ್ಷದ್ದು. ಫಿಟ್ಟರೋ ಎಲೆಕ್ಟ್ರಿಷಿಯನ್ನೋ ಆದರೆ ಎರಡು ವರ್ಷ. ಎರಡು ವರ್ಷದ ಟ್ರೇಡು ಮುಗಿಸಿದವರಿಗೆ ಮುಂದೆ ಮನಸ್ಸಾದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಲ್ಲಿಂದ ಬಿಇಯ ಎರಡನೇ ವರ್ಷಕ್ಕೆ ಸೇರಲಿಕ್ಕೂ ದಾರಿ ಉಂಟು. ಅಪ್ರೆಂಟಿಸ್ ಆದರೆ 1961ರ ಕಾಯ್ದೆಯ ಪ್ರಕಾರ ಸ್ಟೈಪೆಂಡ್ ಬರುತ್ತದೆ. ಯಾವ ಕಂತ್ರಾಟುದಾರನ ಹತ್ತಿರ ಹೋದರೂ ಕನ್ನಡಕ, ಗ್ಲೌಸು, ಪಿಎಫ್, ಇಎಸ್‌ಐ ಕೇಳದೆ ಕೈ ಹಾಕಬೇಡ. ಅಜ್ಜನ ಕಣ್ಣು ಸುಟ್ಟದ್ದು ಈ ಕಸುಬಿಗೆ ಬಂದ ತಪ್ಪಿಗಲ್ಲ, ಕಣ್ಣಿಗೆ ರಕ್ಷಣೆ ಸಾಲದೆ.

ಪೊರ್ಬುಗಳು ತಲೆ ತುರಿಸಿದರು. "ಅದೆಲ್ಲ ಸರಿ ಮಾರಾಯ್ರೆ. ವೆಲ್ಡರಿಗೆ ಹೆಣ್ಣು ಯಾರು ಕೊಡ್ತಾರೆ?"

"ನಿಮಗೆ ಕೊಟ್ಟಿದ್ದಾರಲ್ಲ?"

"ಆಗ ಇವರ ಹತ್ತಿರ ವೀಸಾ ಇತ್ತು!" ಒಳಗಿಂದ ಬಾಯಮ್ಮ.

ಅಲ್ಲಿಗೆ ಬಂತು ನೋಡಿ ವಿಷಯ. ಕಸುಬಿಗೆ ಮರ್ಯಾದೆ ಕೊಡಬೇಕೆಂದು ವೇದಿಕೆ ಮೇಲೆ ಮಾತಾಡುವವರಲ್ಲಿ ನನ್ನದೊಂದು ವಿನಂತಿ: ಮಗಳಿಗೆ ಗಂಡು ನೋಡುವ ದಿನವೂ ಆ ಭಾಷಣ ನೆನಪಿರಲಿ.