ಕುಕ್ಕುಟ ಭೈಷಜ್ಯ ನಿರ್ಣಯ

ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿದವರ ಔಷಧಿ ಡಬ್ಬಿಯಲ್ಲಿ ಏನೇನಿರಬೇಕು ಎಂಬುದನ್ನು ನಿರ್ಣಯಿಸುವ ಮುನ್ನ ರೋಗಿ ಯಾರು, ಯಜಮಾನ ಯಾರು ಎಂದು ವಿಂಗಡಿಸಿಕೊಳ್ಳುವುದು ಶಾಸ್ತ್ರಸಮ್ಮತ. ರೋಗಿಗಳು ದ್ವಿವಿಧ: ತಿಪ್ಪೆ ಕೆದರಿ ತನ್ನ ಪಾಡು ತಾನೇ ನೋಡಿಕೊಳ್ಳುವ ನಾಟಿ, ಹಾಗೂ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ಮೊದಲಾದ ಸುಧಾರಿತ ತಳಿ. ನಾಟಿಗೆ ರೋಗವೇ ತಟ್ಟದು ಎಂಬುದು ಪೂರ್ವಪಕ್ಷ. ಕೊಕ್ಕರೆ ರೋಗ ಜಾತಿ ಕೇಳಿ ಬರುವುದಿಲ್ಲ ಎಂಬುದು ಸಿದ್ಧಾಂತ. ಯಜಮಾನರು ತ್ರಿವಿಧ: ಕೋಳಿಗೆ ಹೆಸರಿಟ್ಟವರು, ಮೊಟ್ಟೆ ಲೆಕ್ಕ ಇಟ್ಟವರು, ಹಬ್ಬಕ್ಕೆ ಎಷ್ಟು ದಿನವಿದೆಯೆಂದು ಲೆಕ್ಕ ಹಾಕುತ್ತಿರುವವರು. ನಮ್ಮ ಹಳೆಯ ತಾರ್ಕಿಕರಲ್ಲಿ ಅರ್ಧಕುಕ್ಕುಟೀ ನ್ಯಾಯ ಎಂಬುದೊಂದಿದೆ: ಒಂದೇ ಕೋಳಿಯ ಅರ್ಧ ಭಾಗ ಅಡುಗೆಗೆ, ಉಳಿದರ್ಧ ಮೊಟ್ಟೆಗೆ ಎಂದು ವಾದಿಸುವುದು. ತಾರ್ಕಿಕರು ಇದನ್ನು ಅಸಂಬದ್ಧದ ಉದಾಹರಣೆಯಾಗಿ ಕೊಟ್ಟರು. ಹಿತ್ತಲಲ್ಲಿ ಅದೇ ಬಹುಸಂಖ್ಯಾತರ ಮತ.

ಇನ್ನು ಲಕ್ಷಣ ವಿಚಾರ. ಕೋಳಿ ಕಾಯಿಲೆಯನ್ನು ಬಚ್ಚಿಡುವುದರಲ್ಲಿ ನಿಸ್ಸೀಮ. ಸೊರಗಿದ್ದು ಕಂಡರೆ ಜೊತೆಯವೇ ಕುಕ್ಕಿ ಹಾಕುತ್ತವೆ, ಅದಕ್ಕೇ ಕೊನೆಯವರೆಗೂ ಕಾಳು ಹೆಕ್ಕುವ ನಟನೆ. ಪುಕ್ಕ ಉಬ್ಬಿಸಿಕೊಂಡು, ಕತ್ತು ಒಳಗೆಳೆದುಕೊಂಡು, ಹಗಲಲ್ಲೇ ತೂಕಡಿಸುತ್ತ ನಿಂತಿತೆಂದರೆ ನಟನೆಗೂ ಶಕ್ತಿ ಉಳಿದಿಲ್ಲವೆಂದರ್ಥ. ಜುಟ್ಟು ಬಿಳಿಚಿದೆಯೋ ನೀಲಿಗಟ್ಟಿದೆಯೋ ನೋಡಬೇಕು. ಹಿಕ್ಕೆಯನ್ನೂ ನೋಡಬೇಕು, ಮುಖ ಸಿಂಡರಿಸುವಂತಿಲ್ಲ. ಹಸಿರು ನೀರಾದರೆ ಭಯಪಡಿ, ನೆತ್ತರು ಕಂಡರೆ ರಕ್ತಭೇದಿಯೆಂದು ಪಶುವೈದ್ಯರಲ್ಲಿಗೆ ಓಡಿ. ಆಗೊಮ್ಮೆ ಈಗೊಮ್ಮೆ ಬೀಳುವ, ಕಂದು ಬಣ್ಣದ, ಅಂಟಂಟಾದ, ವಿಪರೀತ ನಾರುವ ಹಿಕ್ಕೆ ಮಾತ್ರ ರೋಗವಲ್ಲ. ಅದು ಕುರುಡುಕರುಳಿನ ಮಾಮೂಲು ವಿಸರ್ಜನೆ. ಹೊಸದಾಗಿ ಕೋಳಿ ಸಾಕಿದವರ ಮೊದಲ ಗಾಬರಿ ಸಾಮಾನ್ಯವಾಗಿ ಇದನ್ನು ಕಂಡೇ ಹುಟ್ಟುತ್ತದೆ.

ದ್ರವ್ಯಗಳು ಪಂಚವಿಧ: ಬಂಧನ, ಲೇಪನ, ಸ್ನಾನ, ಪಾನ, ಬಿಂದು. ಮೊದಲನೆಯದಾದ ಬಂಧನ ದ್ರವ್ಯವೆಂದರೆ ಮಂಕರಿ. ಡಬ್ಬಿಯಲ್ಲಿ ಹಿಡಿಯುವುದಿಲ್ಲವೆಂಬ ಒಂದೇ ಕಾರಣಕ್ಕೆ ಯಾರೂ ಇದನ್ನು ಔಷಧಿಯೆಂದು ಎಣಿಸುವುದಿಲ್ಲ. ಇರುವ ಮದ್ದುಗಳಲ್ಲೆಲ್ಲ ಹೆಚ್ಚು ಜೀವ ಉಳಿಸುವುದು ಇದೇ. ಸೊರಗಿದ ಹೇಂಟೆಯನ್ನು ಗುಂಪಿನಿಂದ ಬೇರ್ಪಡಿಸಿ, ಬೆಚ್ಚಗಿನ ಮೂಲೆಯಲ್ಲಿ ಮಂಕರಿ ಕವುಚಿ, ಮೇಲೊಂದು ಗೋಣಿ ಹೊದಿಸಿದರೆ ಮೂರು ಕೆಲಸ ಒಟ್ಟಿಗೇ ಆಗುತ್ತವೆ: ರೋಗ ಹರಡುವುದು ಕಡಿಮೆ, ಕುಕ್ಕುವವರಿಲ್ಲ, ಕತ್ತಲಾದ್ದರಿಂದ ಹಕ್ಕಿ ಶಾಂತ. ಕೋಳಿಯ ಮೈಬಿಸಿ ಮಾಮೂಲಾಗಿಯೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹಿಡಿದ ಕೂಡಲೇ ‘ಜ್ವರ ಕಾಯ್ತಿದೆ’ ಎಂದು ಸಾರುವವರು ಇದನ್ನು ಬಾಯಿಪಾಠ ಮಾಡುವುದೊಳಿತು.

ಲೇಪನ ಪ್ರಕರಣ ದೊಡ್ಡದು, ಯಾಕೆಂದರೆ ಅಡುಗೆಮನೆ ಇಲ್ಲಿ ಪ್ರವೇಶಿಸುತ್ತದೆ. ಕೋಳಿಗೆ ಕೆಂಪು ಕಂಡರೆ ಕುಕ್ಕುವ ಚಪಲ. ಬೆನ್ನಿನ ಮೇಲೆ ಕಾಳಿನಷ್ಟು ನೆತ್ತರು ಕಂಡರೂ ಸಾಕು, ಸಂಜೆಯೊಳಗೆ ಅಂಗೈಯಗಲ ಗಾಯ. ಹಾಗಾಗಿ ಗಾಯದ ಮದ್ದು ಎರಡು ಕೆಲಸ ಮಾಡಬೇಕು: ಕ್ರಿಮಿಯನ್ನು ತಡೆಯಬೇಕು, ಕೆಂಪನ್ನು ಮರೆಸಬೇಕು. ಊರಿನ ಔಷಧಿ ಅಂಗಡಿಯಲ್ಲಿ ಸಿಗುವ ಜೆನ್ಶನ್ ವಯೊಲೆಟ್ ಎಂಬ ನೇರಳೆ ದ್ರಾವಣ ಎರಡನ್ನೂ ಮಾಡುತ್ತದೆ, ಮೂರನೆಯದಾಗಿ ಬಳಿದವರ ಬೆರಳನ್ನೂ ವಾರಗಟ್ಟಲೆ ನೇರಳೆ ಮಾಡುತ್ತದೆ. ಉಪ್ಪುನೀರಲ್ಲಿ ತೊಳೆದು ಒತ್ತಿದ ಅರಿಸಿನವೂ ತಕ್ಕಮಟ್ಟಿಗೆ ಆದೀತು. ಬೇವಿನೆಣ್ಣೆ ಬೆರೆಸಿ ಹಚ್ಚಿದರೆ ನೊಣ ಹತ್ತಿರ ಸುಳಿಯುವುದು ಕಡಿಮೆ. ಕಾಲಿನ ಹುರುಪೆ ಎದ್ದು ಒರಟಾಗಿದ್ದರೆ ಅಡಿಯಲ್ಲಿ ಕಣ್ಣಿಗೆ ಕಾಣದ ನುಸಿ ಮನೆ ಮಾಡಿರುತ್ತದೆ. ಬೆಚ್ಚನೆ ನೀರಲ್ಲಿ ಕಾಲು ನೆನೆಸಿ, ಮೆತ್ತಗೆ ಉಜ್ಜಿ, ದಪ್ಪವಾಗಿ ಎಣ್ಣೆ ಸವರಿದರೆ ಅದು ಉಸಿರುಗಟ್ಟಿ ಸಾಯುತ್ತದೆ. ಸೀಮೆಎಣ್ಣೆ ಹಚ್ಚುವ ಪಂಥವೂ ಒಂದಿದೆ. ನುಸಿಯ ಜೊತೆ ಚರ್ಮವನ್ನೂ ಸುಡುವ ಆ ಪಂಥ ತ್ಯಾಜ್ಯ.

ಇನ್ನು ಕೋಳಿ ಸಿಡುಬು. ಸೊಳ್ಳೆ ಕಚ್ಚಿ ಹರಡುವ ಈ ರೋಗದಲ್ಲಿ ಜುಟ್ಟು, ರೆಪ್ಪೆ, ಕೊಕ್ಕಿನ ಬುಡದಲ್ಲಿ ಕಪ್ಪು ಗಂಟುಗಳೇಳುತ್ತವೆ. ಹಳ್ಳಿ ಮದ್ದಿನ ಪಾಕ ಬಹುಪಾಲು ಹೀಗೆ: ಜೀರಿಗೆ, ಮೆಣಸು, ಬೆಳ್ಳುಳ್ಳಿ, ಅರಿಸಿನ, ಜೊತೆಗೆ ಬೇವಿನ ಸೊಪ್ಪು, ತುಳಸಿ. ಒರಳಿನಲ್ಲಿ ನುಣ್ಣಗೆ ಅರೆಯುವುದು. ಬೇವನ್ನೂ ತುಳಸಿಯನ್ನೂ ಪಕ್ಕಕ್ಕಿಟ್ಟು ಮತ್ತೊಮ್ಮೆ ಓದಿಕೊಳ್ಳಿ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ಕಟ್ಟಿದವರು, ಅರೆಯುವ ಸದ್ದು ಕೇಳಿದ ಕೋಳಿಗೆ ಅದು ಲೇಪನಕ್ಕೋ ಸಾರಿಗೋ ಎಂದು ಗೊತ್ತಾಗುವ ಬಗೆ ಹೇಗೆಂದು ವಿವರಿಸಲಿಲ್ಲ. ರೋಗಿ ಹಿತ್ತಲ ಬೇಲಿ ಹಾರಿ ಓಡುವುದು ಮದ್ದಿನ ಕಹಿಗಲ್ಲ. ಲೇಪ ಕೆಲಸ ಮಾಡುತ್ತದೆಯೇ ಎಂದರೆ, ಚರ್ಮಕ್ಕಷ್ಟೇ ಏಳುವ ಸಿಡುಬು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿಯೇ ಮಾಗಿ ಉದುರುತ್ತದೆ. ಆ ಅವಧಿಯಲ್ಲಿ ಯಾವುದನ್ನು ಹಚ್ಚಿದ್ದರೂ ಗುಣವಾದ ಕೀರ್ತಿ ಅದಕ್ಕೇ ಸಲ್ಲುತ್ತದೆ. ತನ್ನ ಹುಂಜ ಕೂಗಿದ್ದಕ್ಕೇ ಬೆಳಗಾಯಿತೆಂದ ಅಜ್ಜಿಯ ಹೆಸರಲ್ಲಿ ಇದನ್ನು ಅಜ್ಜೀಕುಕ್ಕುಟ ನ್ಯಾಯವೆಂದು ಕರೆಯತಕ್ಕದ್ದು. ಆದರೂ ಲೇಪನ ಪೂರ್ತಿ ವ್ಯರ್ಥವೆನ್ನಲಾರೆ. ಕೈಗೊಂದು ಕೆಲಸ ಸಿಕ್ಕ ಯಜಮಾನ ಗಂಟುಗಳನ್ನು ಕಿತ್ತು ನೋಡುವುದಿಲ್ಲ, ದಿನಾ ಕಣ್ಣೊರೆಸಿ ರೆಪ್ಪೆ ಬಿಡಿಸುತ್ತಾನೆ, ರೆಪ್ಪೆ ಬಿಟ್ಟ ಕೋಳಿ ಕಾಳು ಕಂಡು ತಿಂದು ಬದುಕುತ್ತದೆ.

ಸ್ನಾನ ದ್ರವ್ಯ ಬೂದಿ. ಒಲೆಯ ಬೂದಿ, ಒಣಮಣ್ಣು, ಒಂದಿಷ್ಟು ಬೇವಿನ ಪುಡಿ ಮೂಲೆಯಲ್ಲಿ ಗುಡ್ಡೆ ಹಾಕಿದರೆ ಸಾಕು, ಉಳಿದದ್ದನ್ನು ಕೋಳಿಯೇ ಹೊರಳಾಡಿ ಮುಗಿಸುತ್ತದೆ. ಹೇನು ಇದಕ್ಕೆ ಬಗ್ಗುತ್ತದೆ. ಹಗಲೆಲ್ಲ ಗೂಡಿನ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಬಂದು ನೆತ್ತರು ಹೀರುವ ಉಣ್ಣೆ ಬಗ್ಗುವುದಿಲ್ಲ. ಅದಕ್ಕೆ ಕೋಳಿಗಲ್ಲ, ಗೂಡಿಗೆ ಚಿಕಿತ್ಸೆ: ಬಿರುಕು ಮುಚ್ಚಿ ಸುಣ್ಣ ಬಳಿಯುವುದು.

ಪಾನ ವಿಚಾರದಲ್ಲಿ ಮದ್ದಿಗಿಂತ ಕುಡಿಸುವ ರೀತಿಯೇ ಹೆಚ್ಚು ಕೋಳಿಗಳನ್ನು ಕೊಂದಿದೆ. ಕೊಕ್ಕು ಬಿಡಿಸಿ ನೋಡಿ: ನಾಲಿಗೆಯ ಬುಡದಲ್ಲೇ ತೆರೆದು ಮುಚ್ಚುವ ಸಣ್ಣ ಸೀಳೊಂದಿದೆ. ಅದು ಶ್ವಾಸನಾಳದ ಬಾಯಿ. ತಲೆ ಹಿಂದಕ್ಕೆ ಬಾಗಿಸಿ ಚಮಚದಲ್ಲಿ ಕಷಾಯ ಸುರಿದರೆ ಅದು ಹೋಗುವುದು ನೇರ ಅಲ್ಲಿಗೆ. ಸೂಜಿಯಿಲ್ಲದ ಸಿರಿಂಜಿನಿಂದ ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಬಿಟ್ಟು ತಾನೇ ನುಂಗಲು ಬಿಡಬೇಕು. ಬಿಸಿಲಿಗೆ ಬಳಲಿದ್ದಕ್ಕೆ ಓಆರ್‌ಎಸ್ ಸಾಕು. ತೋಲುಮೊಟ್ಟೆ ಇಡುವುದಕ್ಕೆ ಹುರಿದು ಪುಡಿ ಮಾಡಿದ ಮೊಟ್ಟೆಚಿಪ್ಪು, ಕರಾವಳಿಯವರಾದರೆ ಕಪ್ಪೆಚಿಪ್ಪಿನ ಪುಡಿ. ಈರುಳ್ಳಿ ರಾಶಿಗಟ್ಟಲೆ ಹಾಕಬಾರದು, ಅತಿಯಾದರೆ ಹಕ್ಕಿಯ ರಕ್ತಕಣಗಳೇ ಒಡೆಯುತ್ತವೆ. ನೀರಿಗೆ ಪರ್ಮಾಂಗನೇಟ್ ಹಾಕುವವರು ತಿಳಿಗುಲಾಬಿಗೆ ನಿಲ್ಲಿಸಬೇಕು. ನೇರಳೆ ಬಂದರೆ ಹೆಚ್ಚಾಯಿತು.

ಕೊನೆಯದು ಬಿಂದು, ಅಂದರೆ ಲಸಿಕೆ. ಇದನ್ನು ಡಬ್ಬಿಯಲ್ಲಿಡುವಂತಿಲ್ಲ, 2ರಿಂದ 8 ಡಿಗ್ರಿ ತಂಪು ಬೇಕು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1926ರಲ್ಲಿ ಗುರುತಿಸಲ್ಪಟ್ಟು, ಸ್ವಲ್ಪ ಕಾಲದಲ್ಲೇ ನಮ್ಮ ರಾಣಿಖೇತ್‌ನಲ್ಲೂ ಕಾಣಿಸಿಕೊಂಡು ಎರಡೂ ಊರುಗಳ ಹೆಸರು ಕೆಡಿಸಿದ ರೋಗವೇ ಕೊಕ್ಕರೆ ರೋಗ. ಹಸಿರು ಭೇದಿ, ಏದುಸಿರು, ಬದುಕಿ ಉಳಿದರೆ ತಿರುಚಿದ ಕತ್ತು. ಬಂದ ಮೇಲೆ ಅದಕ್ಕೆ ಅರಿಸಿನವೂ ಇಲ್ಲ, ಅಮೃತವೂ ಇಲ್ಲ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕು ವಾರದ ಹೊತ್ತಿಗೆ ಮತ್ತೊಮ್ಮೆ, ಎಂಟು ವಾರ ದಾಟಿದ ಮೇಲೆ ಆರ್‌ಟೂಬಿ ಚುಚ್ಚುಮದ್ದು. ನೀರಲ್ಲಿ ಕೊಡುವ ಲಸಿಕೆಯಾದರೆ ಹಿಂದಿನ ಪ್ರಕರಣದ ಗುಲಾಬಿ ನೀರನ್ನೂ ಕ್ಲೋರಿನ್ ಬೆರೆತ ನಲ್ಲಿ ನೀರನ್ನೂ ಚೆಲ್ಲಿ ಬಾವಿ ನೀರು ತುಂಬಬೇಕು. ಅವೆರಡೂ ಲಸಿಕೆಯನ್ನೇ ಕೊಲ್ಲುತ್ತವೆ.

ತೊಡಕು ಒಂದೇ: ಸೀಸೆ ಸಾಮಾನ್ಯವಾಗಿ 100 ಕೋಳಿಗಾಗುವಷ್ಟು, ಹಿತ್ತಲಲ್ಲಿರುವುದು ಎಂಟೋ ಹತ್ತೋ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಕೇರಿಯೇ ಸೇರಿ ಒಂದು ಸೀಸೆ ಕೊಳ್ಳಬೇಕು, ಆದರೆ ಕೋಳಿಗಳನ್ನು ಒಂದೆಡೆ ಸೇರಿಸಬಾರದು. ಐಸ್ ತುಂಬಿದ ಫ್ಲಾಸ್ಕಿನಲ್ಲಿ ಸೀಸೆಯೇ ಮನೆಮನೆಗೆ ಹೋಗಬೇಕು, ಅದೂ ಕತ್ತಲಾಗಿ ಕೋಳಿ ಗೂಡು ಸೇರಿದ ಮೇಲೆ. ಹಗಲಲ್ಲಿ ಹಿಡಿಯಹೊರಟರೆ ಎರಡು ಗಂಟೆ ಓಟದಲ್ಲೇ ಮುಗಿಯುತ್ತದೆ. ಆ ಹೊತ್ತಿನಲ್ಲಿ ನೆರೆಯವರು ತ್ರಿವಿಧ: ದೀಪ ಹಿಡಿದು ಗೂಡಿನ ಬಾಗಿಲು ತೆರೆದು ನಿಂತವರು, ಮೊಟ್ಟೆ ಕಡಿಮೆಯಾಗುತ್ತದಂತೆ ಹೌದಾ ಎನ್ನುವವರು, ಆಗಲೇ ತೂಕಡಿಸುತ್ತಿರುವ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಎದುರು ಬರುವವರು. ಮೂರನೆಯವರಿಗೆ ಸೀಸೆ ತೋರಿಸಬಾರದು. ಲಸಿಕೆ ಆರೋಗ್ಯವಂತರಿಗೆ ಮಾತ್ರ. ಮಂಕರಿ ಕೊಟ್ಟು ಮನೆಗೆ ಕಳುಹಿಸಬೇಕು. ಆ ಮಂಕರಿಯನ್ನು ಮತ್ತೆ ಒಳಗೆ ಸೇರಿಸಬಾರದೆಂಬುದು ಶಾಸ್ತ್ರ. ಅವರು ಹೇಗೂ ವಾಪಸು ತಂದುಕೊಡುವುದಿಲ್ಲವೆಂಬುದು ಲೋಕರೂಢಿ.